ಬೀಗರ ಮುಂದೆ ಕೆಂಪು ಪಂಚೆ

ದಂಡಾವತಿ ಹೊಳೆಯಲ್ಲಿ ಊರವರ ಬಟ್ಟೆ ಒಗೆದು ಬದುಕಿದವಳು ನಾನು. ಅತ್ತೆಯಿಂದ ನನಗೆ ಬಂದ ಆಸ್ತಿಯೆಂದರೆ ಒಗೆಯುವ ಕಲ್ಲೊಂದೇ. ನಮ್ಮೂರಿನವನೇ ಆದ ಸಾಹುಕಾರನೊಬ್ಬ ಮೇಲಿನ ದಂಡೆಯಲ್ಲಿ ಗುಡ್ಡ ಅಗೆದು, ಮಣ್ಣು ತೊಳೆದು ಮರಳು ಮಾಡಲು ಮೋಟಾರು ಕೂರಿಸಿದ. ತೊಳೆದ ರಾಡಿಯೆಲ್ಲ ಹೊಳೆಗೆ. ಬಿಳಿ ಬಟ್ಟೆ ಅದ್ದಿದರೆ ಕೆಂಪಾಗಿ ಏಳುತ್ತಿತ್ತು. ಒಂದೊಂದೇ ಮನೆಯವರು ನನಗೆ ಬಟ್ಟೆ ಹಾಕುವುದನ್ನು ಬಿಟ್ಟರು.

ಊರವರೆಲ್ಲ ಸೇರಿ ಸೊರಬಕ್ಕೆ ಹೋಗಿ ಅರ್ಜಿ ಕೊಟ್ಟೆವು. ಅಧಿಕಾರಿಗಳು ಬರುವ ಎರಡು ದಿನ ಮೊದಲೇ ಮೋಟಾರು ನಿಂತಿರುತ್ತಿತ್ತು. ಅವರು ತಿಳಿನೀರನ್ನು ಬಾಟಲಿಗೆ ತುಂಬಿಕೊಂಡು ಹೋಗುತ್ತಿದ್ದರು. ಕೊನೆಗೆ ನಾನೇ ಸಾಹುಕಾರನ ಅಂಗಳದಲ್ಲಿ ನಿಂತು ಕೇಳಿದೆ.

"ಬಟ್ಟೆ ತಾನೆ? ಸೋಪಿನ ಪುಡಿ ಇನ್ನೊಂದು ಹಿಡಿ ಹಾಕೇ," ಎಂದು ನಕ್ಕ. ಆ ನಗುವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅವನ ಮಗಳ ಮದುವೆ ಗೊತ್ತಾಯಿತು. ಬೀಗರು ಶಿಕಾರಿಪುರದ ಕಡೆಯವರು. ಊರಿನ ಪ್ರತಿ ಮನೆಗೂ ಅಕ್ಷತೆ ಕೊಟ್ಟು ಕರೆದ. ಕರೆದ ಮೇಲೆ ಹೋಗದೆ ಇರುವುದು ನಮ್ಮಲ್ಲಿಲ್ಲ. ನಾನೂ ಮನೆಮನೆಗೆ ಹೋಗಿ, ಮದುವೆಗೆ ಉಡುವ ಬಿಳಿ ಬಟ್ಟೆ ಕೊಡಿ ಎಂದು ಕೇಳಿದೆ. ಯಾಕೆಂದು ಹೇಳಿದ ಮೇಲೆ ಯಾರೂ ಇಲ್ಲ ಅನ್ನಲಿಲ್ಲ. ಪಂಚೆ, ಅಂಗಿ, ಶಲ್ಯ ಎಲ್ಲವನ್ನೂ ಅದೇ ಹೊಳೆಯಲ್ಲಿ ಒಗೆದು ಒಣಗಿಸಿದೆ. ಇಸ್ತ್ರಿಯನ್ನೂ ಹಾಕಿಕೊಟ್ಟೆ.

ಮದುವೆಯ ಚಪ್ಪರದಲ್ಲಿ ಗಂಡಿನ ಕಡೆಯವರು ಗರಿಗರಿ ಬಿಳಿ ಉಟ್ಟು ಕೂತಿದ್ದರು. ನಮ್ಮೂರ ಗಂಡಸರು ಒಬ್ಬರ ಹಿಂದೊಬ್ಬರು ಮಣ್ಣಿನ ಬಣ್ಣದಲ್ಲಿ ಬಂದು ಎದುರಿಗೇ ಕೂತರು. ಸಾಹುಕಾರನ ಮುಖ ಹರಳೆಣ್ಣೆ ಕುಡಿದಂತಾಯಿತು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಗಂಡಿನ ತಂದೆಗೆ ತಡೆಯಲಾಗಲಿಲ್ಲ. "ಏನ್ರೀ, ನಿಮ್ಮೂರಾಗೆ ಬಟ್ಟೆ ಒಗಿಯಂಗಿಲ್ಲೇನು?"

ನಾನು ಎದ್ದು ನಿಂತೆ. "ನಾನೇ ಒಗ್ದಿದ್ದು ರೀ. ಹೊಳೆ ನೀರೇ ಹಿಂಗೈತೆ. ರಾಡಿ ಬಿಡೋ ಮೋಟ್ರು ನಿಮ್ಮ ಬೀಗರದ್ದು."

"ಸುಳ್ಳು! ಕುಡಿಯಂಥ ನೀರು ಅದು!" ಸಾಹುಕಾರ ಕೂಗಿದ.

ಗಂಡಿನ ತಂದೆ ದನಿ ಏರಿಸಲಿಲ್ಲ. "ಹಂಗಾದ್ರೆ ಒಂದು ಚೊಂಬು ತರ್ರಿ. ಬೀಗರೇ ಮೊದ್ಲು ಕುಡೀಲಿ."

ನಾನೇ ಹೊಳೆಗೆ ಓಡಿದೆ. ಅಧಿಕಾರಿಗಳು ಬರುವ ದಿನವಲ್ಲವಲ್ಲ, ಮೋಟಾರು ಓಡುತ್ತಲೇ ಇತ್ತು. ತುಂಬಿದ ಚೊಂಬನ್ನು ತಂದು ಸಾಹುಕಾರನ ಬಾಯಿಯ ಮಟ್ಟಕ್ಕೆ ಹಿಡಿದೆ. ಮದುಮಗಳು ಅಪ್ಪನನ್ನೇ ನೋಡುತ್ತಿದ್ದಳು. ಹುಡುಗಿಯನ್ನು ಕಂಡು ಪಾಪ ಅನ್ನಿಸಿತು. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಅವನು ತಲೆ ತಗ್ಗಿಸಿದ. "ಇವತ್ತೇ ಮೋಟ್ರು ಕಿತ್ತಾಕಿಸ್ತೀನಿ."

"ಕಿತ್ತಾಕ್ಸಿ," ಎಂದೆ. "ಈಗ ಕುಡೀರಿ."