ಹಳ್ಳದ ದಂಡೆಯ ಸವಾರಿ

ಬ್ಯಾಡಗಿಯ ನಮ್ಮ ಹೊಸ ಬಡಾವಣೆಯ ಹಿಂದೆ ಹರಿಯುವ ಹಳ್ಳಕ್ಕೆ ಹೆಸರಿಲ್ಲ. ಅದರ ದಂಡೆಯ ಮಣ್ಣಿನ ಹಾದಿಗೂ ಇಲ್ಲ. ಗಾಳಿ ಪೇಟೆಯ ಕಡೆಯಿಂದ ತಿರುಗಿದರೆ ಮೆಣಸಿನಕಾಯಿ ಘಾಟಿಗೆ ಒಂದೆರಡು ಸೀನು ಬರುವುದನ್ನು ಬಿಟ್ಟರೆ, ಮುಂಜಾನೆ ನಡೆಯಲು ಅದಕ್ಕಿಂತ ಸೊಗಸಾದ ಜಾಗ ನಮ್ಮೂರಲ್ಲಿಲ್ಲ. ನಾನೂ ಪಕ್ಕದ ಮನೆಯ ಗೌರಕ್ಕನೂ ದಿನಾ ಅಲ್ಲಿ ನಡೆಯುತ್ತೇವೆ. ಹಾದಿ ಕಿರಿದು, ಸೈಕಲ್ ಬಂದರೆ ಮಾತು ನಿಲ್ಲಿಸಿ ಒಬ್ಬರ ಹಿಂದೊಬ್ಬರು ಸರಿಯಬೇಕು. ಹಾಗೆ ಅರ್ಧಕ್ಕೆ ನಿಂತ ಮಾತು ಮತ್ತೆ ಸಿಕ್ಕರೆ ಪುಣ್ಯ.

ಆ ಸವಾರರಲ್ಲಿ ನರ್ಸ್ ರೇಣುಕಾ ಎಂದರೆ ಗೌರಕ್ಕನಿಗೆ ಆಗುತ್ತಿರಲಿಲ್ಲ. ಒಮ್ಮೆ ಹಿಂದಿನಿಂದ "ಸರೀರಿ ಅಜ್ಜಿ" ಎಂದು ಕೂಗಿದ್ದೇ ಅವಳ ಅಪರಾಧ.

"ಅಜ್ಜಿ ಅಂತ ಅಜ್ಜಿ! ನನ್ನ ಮಗಗ ಇನ್ನೂ ಲಗ್ನ ಆಗಿಲ್ಲ," ಎಂದ ಗೌರಕ್ಕ ಅಂದಿನಿಂದ ಬೇಕೆಂದೇ ಹಾದಿಯ ನಟ್ಟನಡುವೆ ನಡೆಯತೊಡಗಿದರು. ರೇಣುಕಾ ಪಾಪ, ಇಳಿದು ಹುಲ್ಲಿನಲ್ಲಿ ಸೈಕಲ್ ತಳ್ಳಿಕೊಂಡು ದಾಟುತ್ತಿದ್ದಳು. ವಯಸ್ಸು ಕನ್ನಡಿಯಲ್ಲಿ ಕಂಡರೆ ಹೇಗೋ ಸಹಿಸುತ್ತೇವೆ, ಸ್ನೇಹಿತರೆ. ಮಂದಿಯ ಬಾಯಲ್ಲಿ ಕೇಳಿದರೆ ಮಾತ್ರ ಮೈ ಉರಿಯುತ್ತದೆ.

ಒಂದು ಮುಂಜಾನೆ ಗೌರಕ್ಕನ ಮಾತು ತಡವರಿಸಿತು. ಮೈಯೆಲ್ಲ ಬೆವತು, ನನ್ನ ತೋಳು ಹಿಡಿದು ಕುಸಿದು ಕುಳಿತರು. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿ ಏನೂ ತಿನ್ನದೆ ಬಂದಿದ್ದರು. ಅಷ್ಟರಲ್ಲಿ ಬಂದ ರೇಣುಕಾ ಸೈಕಲ್ ಹುಲ್ಲಿಗೆ ಒಗೆದು, ನಾಡಿ ಹಿಡಿದು ನೋಡಿ, ತನ್ನ ಚೀಲದಿಂದ ಗ್ಲೂಕೋಸ್ ತೆಗೆದು ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಗೌರಕ್ಕನ ಕಣ್ಣು ತಿಳಿಯಾದವು.

"ಆಟೋ ಇಲ್ಲೀತನಕ ಬರೂದಿಲ್ರಿ ಅಕ್ಕಾರ. ಸೈಕಲ್ ಮ್ಯಾಲೆ ಕುಂದರ್ರಿ, ನಾ ತಳ್ಳತೇನಿ," ಎಂದಳು ರೇಣುಕಾ.

"ಬೀಳಸ್ತಿ ಏನವಾ?"

"ಇಲ್ರಿ. ಸೀಟ್ ಗಟ್ಟಿ ಹಿಡಕೋರಿ."

ಅವಳು ತಳ್ಳಿದಳು, ನಾನು ಬೆನ್ನಿಗೆ ಕೈಕೊಟ್ಟು ನಡೆದೆ. ಕ್ಯಾರಿಯರ್ ಮೇಲೆ ಕುಳಿತ ಗೌರಕ್ಕ ಎತ್ತರದ ಹುಲ್ಲಿನಾಚೆ ಕತ್ತು ಚಾಚಿ ನೋಡುತ್ತ, "ಇಷ್ಟು ದಿನಾ ನಡದೇನಿ, ಹಳ್ಳದಾಗ ಇಷ್ಟ ನೀರೈತಿ ಅಂತ ಗೊತ್ತ ಇರಲಿಲ್ಲ," ಎಂದರು. ಆಗಷ್ಟೇ ನನ್ನ ಎದೆ ಹಗುರಾಯಿತು.

ಮುಂದಿನ ವಾರ ನಾವು ಮತ್ತೆ ನಡೆಯುತ್ತಿದ್ದಾಗ ಹಿಂದೆ ಸೈಕಲ್ ಸಪ್ಪಳವಾಯಿತು. ನಾನು ಸರಿದೆ, ಗೌರಕ್ಕ ಸರಿಯಲಿಲ್ಲ. ರೇಣುಕಾ ಗಾಬರಿಯಿಂದ ಇಳಿದು, "ಮತ್ತೇನಾತ್ರಿ?" ಎಂದಳು.

"ಏನೂ ಆಗಿಲ್ಲ. ಎರಡು ರೊಟ್ಟಿ ತಿಂದ ಬಂದೇನಿ," ಎಂದ ಗೌರಕ್ಕ ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರ್ ಏರಿ ಕುಳಿತೇಬಿಟ್ಟರು. "ಇವತ್ತ ತಳ್ಳಬ್ಯಾಡ, ತುಳಿ."

ನನ್ನನ್ನು ಹಾದಿಯಲ್ಲಿ ಒಂಟಿಯಾಗಿ ಬಿಟ್ಟು ಇಬ್ಬರೂ ಹೋದರು. ಹಳ್ಳದ ತಿರುವು ದಾಟಿದ ಮೇಲೂ ಗೌರಕ್ಕನ ನಗು ಕೇಳಿಸುತ್ತಿತ್ತು.