ಮೂಡಲಗಿಯ ಮಷಿನ್ ಅಳಿಸಿದ ದಿನ

ಗೋಕಾಕದ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮೂಡಲಗಿ, ಹುಕ್ಕೇರಿಗಳಲ್ಲಿ ಅದರ ಶಾಖೆಗಳಿದ್ದವು. ಮೂರು ಊರಿಗೆ ಮೂರು ಸರ್ವರ್ ಏಕೆ, ಗೋಕಾಕದ ಒಂದರಲ್ಲೇ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಓಪನ್ ಸೋರ್ಸ್ ವ್ಯವಸ್ಥೆ ಹಾಕಿ, ಅದರೊಳಗೆ ಊರಿಗೊಂದರಂತೆ ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಬೇರೆ ಕಂಪ್ಯೂಟರ್, ನಡೆಸೋಣ ಎಂದು ಲ್ಯಾಬಿನ ಮಾಲೀಕ ಡಾಕ್ಟರರನ್ನು ಒಪ್ಪಿಸಿದವಳು ನಾನೇ. ದಿನಾ ನಸುಕಿನಲ್ಲಿ ಎಲ್ಲದರ ನಕಲು ಹುಕ್ಕೇರಿಯ ಹಳೆಯ ಕಂಪ್ಯೂಟರಿಗೆ ಹೋಗುತ್ತಿತ್ತು.

ಒಂದು ಮುಂಜಾನೆ, ಪ್ರಯೋಗಕ್ಕೆಂದು ಮಾಡಿಕೊಂಡಿದ್ದ ನಾಲ್ಕನೆಯ ಮಷಿನ್ ತೆಗೆದುಹಾಕಲು ಕೂತೆ. ಮಷಿನ್‌ಗಳಿಗೆ ಹೆಸರಿಡದೆ ಬರೀ ನಂಬರ್ ಕೊಟ್ಟಿದ್ದೆ. ಒಂದನ್ನು ನಿಲ್ಲಿಸಿದೆ. ಅಳಿಸುವುದು ಖಚಿತವಾದರೆ ಅದರ ನಂಬರ್ ಒತ್ತು ಎಂದು ಪರದೆ ಕೇಳಿತು, ಒತ್ತಿದೆ.

ಎರಡೇ ನಿಮಿಷಕ್ಕೆ ಮೂಡಲಗಿಯಿಂದ ಫೋನ್. ಮಾಡಿದವರು ಅಲ್ಲಿಯ ಹಿರಿಯ ಟೆಕ್ನಿಷಿಯನ್; ಅವರನ್ನು ನಾನು ಅಕ್ಕಾರ ಎನ್ನುತ್ತಿದ್ದೆ.

"ತಂಗಿ, ಸ್ಕ್ರೀನ್ ಮ್ಯಾಲಿಂದ ಎಲ್ಲಾ ಹೋತಲ್ಲವಾ. ಬಾಜೂ ದವಾಖಾನ್ಯಾಗ ಒಬ್ಬಾಕಿಗೆ ಹೆರಿಗಿ ಆಪರೇಷನ್ ಐತಿ, ಪ್ಲೇಟ್‌ಲೆಟ್ ರಿಪೋರ್ಟ್ ಕೇಳಾಕತ್ತಾರ."

ನಾನು ಅಳಿಸಿದ್ದು ಯಾವುದೆಂದು ಆಗ ತಿಳಿಯಿತು. ಪ್ರಯೋಗದ್ದಲ್ಲ, ಮೂಡಲಗಿಯದು.

"ನೆಟ್ ಹೋಗೇತ್ರಿ ಅಕ್ಕಾರ. ಸ್ವಲ್ಪ ತಡೀರಿ," ಎಂದುಬಿಟ್ಟೆ.

ಹುಕ್ಕೇರಿಯಿಂದ ನಕಲನ್ನು ಮರಳಿ ತರಿಸತೊಡಗಿದೆ. ಪರದೆಯಲ್ಲಿ ಶೇಕಡಾ ಎರಡು, ಮೂರು. ಈ ಗತಿಯಲ್ಲಿ ಸಂಜೆಯಾಗುತ್ತದೆ. ಅಷ್ಟೇ ಅಲ್ಲ, ನಕಲು ನಸುಕಿನದು. ಆ ಹೆಣ್ಣುಮಗಳ ರಿಪೋರ್ಟು ಮುಂಜಾನೆಯದು. ಅದು ಎಲ್ಲಿಯೂ ಇರಲಿಲ್ಲ. ಅಲ್ಲಿ ಅಕ್ಕಾರ ನನ್ನ ಮಾತು ನಂಬಿ ನೆಟ್ ಬರುವ ದಾರಿ ಕಾಯುತ್ತಿದ್ದರು. ಹತ್ತು ನಿಮಿಷ ಹೋದ ಮೇಲೆ ಫೋನ್ ಮಾಡಿದೆ.

"ಅಕ್ಕಾರ, ನಾ ಸುಳ್ಳ ಹೇಳಿದ್ನಿರಿ. ನಿಮ್ಮ ಮಷಿನ್ ನಾನ ಅಳಿಸೇನಿ. ಆ ರಿಪೋರ್ಟ್ ಬರೂದಿಲ್ಲ. ಸ್ಯಾಂಪಲ್ ಇದ್ರ ಮತ್ತ ಟೆಸ್ಟ್ ಹಚ್ಚರಿ."

ಫೋನ್ ಕೆಳಗಿಟ್ಟ ಸದ್ದು, ಚಪ್ಪಲಿಯ ಸದ್ದು, ಆಮೇಲೆ ಲೈನ್ ಕಟ್ಟಾಯಿತು.

ಮಧ್ಯಾಹ್ನದ ಬಸ್ಸಿಗೆ ಮೂಡಲಗಿಗೆ ಹೋದೆ. ದಾರಿಯುದ್ದಕ್ಕೂ ಫೋನ್ ಮಾಡಿ ಕೇಳುವ ಧೈರ್ಯವಾಗಲಿಲ್ಲ. ಅಕ್ಕಾರ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆಯೇ ಹೇಳಿದರು:

"ಬಾಣಂತಿ, ಕೂಸು ಇಬ್ಬರೂ ಆರಾಮ ಅದಾರ. ರಿಪೋರ್ಟ್ ಕೈಲೇ ಬರದ ಕೊಟ್ನಿ."

ನಾನು ಸ್ಟೂಲ್ ಎಳೆದುಕೊಂಡು ಅವರ ಬಳಿ ಕೂತೆ.

"ಮಷಿನ್ ಅಳಿಸಿದ್ದಕ್ಕ ಸಿಟ್ಟಿಲ್ಲವಾ. ತಪ್ಪ ಯಾರ ಕೈಲಾದ್ರೂ ಆಕ್ಕಾವ. ಆ ಹತ್ತ ನಿಮಿಷ ನನ್ನ ಸುಮ್ನ ಕುಂಡ್ರಿಸಿದಿ ನೋಡು, ಅದಕ್ಕ ಸಿಟ್ಟ ಐತಿ."

ಮುಂಜಾನೆಯ ಉಳಿದ ಸ್ಯಾಂಪಲ್ಲುಗಳನ್ನೂ ಅವರು ಮತ್ತೆ ತಪಾಸಣೆ ಮಾಡಿದರು. ನಾನು ಪಕ್ಕದಲ್ಲಿ ಕೂತು, ಮಷಿನ್ ಮರಳಿದ ಮೇಲೆ ತುಂಬಲೆಂದು ಅವರು ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡೆ. ಡಾಕ್ಟರರಿಗೆ ಅಲ್ಲಿಂದಲೇ ಫೋನ್ ಮಾಡಿ, ನಡೆದದ್ದನ್ನು ಸುಳ್ಳಿನ ಸಮೇತ ಹೇಳಿದೆ.