ಮಗಳ ತಟ್ಟೆಯ ಹುಳುಗಳು

ಶಕುನ, ಸೂಚನೆ ಅಂತ ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಬಿ.ಎಸ್ಸಿ. ಓದಿ ಸಾತನೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಒತ್ತಾಯಿಸುವುದಿಲ್ಲ.

ಗಂಡ ಬಿಡದಿಯ ಕಾರ್ಖಾನೆ ಸೇರಿದ ಹೊಸದು. ವಾರಕ್ಕೊಮ್ಮೆ ಬರುತ್ತಿದ್ದರು. ರೇಷ್ಮೆ ಹುಳು ಸಾಕುವ ಕೆಲಸ ಅತ್ತೆಯದು ಮತ್ತು ನನ್ನದು. ಮೂರು ವರ್ಷದ ಮಗಳು ಹುಳು ಸಾಕುವ ಬಿದಿರಿನ ತಟ್ಟೆಗಳಲ್ಲಿ ಒಂದನ್ನು ತನ್ನದೆಂದು ಮಾಡಿಕೊಂಡು, ಅದಕ್ಕೆ ತಾನೇ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು.

ಅವಳಿಗೆ ಜ್ವರ ಬಂತು. ಕಣ್ಣು ಕೆಂಪಾಯಿತು, ತುಟಿ ಒಡೆಯಿತು, ಮೈಮೇಲೆ ಗಂಧೆ ಎದ್ದಿತು. "ಅಮ್ಮ ಬಂದವ್ಳೆ ಕಣವ್ವ. ಸೂಜಿ ಗೀಜಿ ಚುಚ್ಚಿಸ್ಬ್ಯಾಡ, ತಾನೇ ಇಳೀತದೆ" ಎಂದ ಅತ್ತೆ ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದರು. ಓದಿದ ನಾನೂ ಸುಮ್ಮನಾದೆ. ಜ್ವರದವರು ಹುಳುಮನೆಗೆ ಹೋಗಬಾರದು. ಐದು ದಿನ ಮಗಳನ್ನು ಆ ಕಡೆ ಬಿಡಲಿಲ್ಲ.

ಆರನೆಯ ಬೆಳಗ್ಗೆ ಹುಳುಮನೆಗೆ ಹೋದೆ. ಮಗಳ ತಟ್ಟೆಯಲ್ಲಿ ಒಂದೂ ಉಳಿದಿರಲಿಲ್ಲ. ಮೆತ್ತಗಾಗಿ, ಕಪ್ಪಾಗಿ ನಾರುತ್ತಿದ್ದವು. ಸಪ್ಪೆರೋಗ. ಅದು ತಟ್ಟೆಯಿಂದ ತಟ್ಟೆಗೆ ಹರಡುವ ರೋಗ. ಆದರೆ ಒಟ್ಟಿಗೆ ತಂದ, ಅದೇ ಸೊಪ್ಪು ತಿಂದ ಅಕ್ಕಪಕ್ಕದ ತಟ್ಟೆಗಳ ಹುಳುಗಳು ಚೆನ್ನಾಗಿಯೇ ಇದ್ದವು.

ಅತ್ತೆ ಬಂದು ನೋಡಿದರು. ಹುಳುಮನೆಯ ಬಾಗಿಲು ಎಳೆದುಕೊಂಡರು. ಆಮೇಲೆ, "ಮಗೀನ್ ಎತ್ಕೊ. ಬಸ್ಸಿಗೆ ಹೊತ್ತಾಗೈತೆ, ನಡಿ ಆಸ್ಪತ್ರೆಗೆ" ಎಂದರು. ನಾನು ಮಗಳನ್ನು ಎತ್ತಿಕೊಂಡೆ.

ಕನಕಪುರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಇದು ಅಮ್ಮ ಅಲ್ಲ, ರಕ್ತನಾಳಗಳು ಊದಿಕೊಳ್ಳುವ ಕಾಯಿಲೆ, ಇನ್ನೂ ತಡ ಮಾಡಿದ್ದರೆ ಹೃದಯಕ್ಕೇ ಕುತ್ತು ಎಂದರು ಅಲ್ಲಿನವರು. ಕಾರಣ ಕೇಳಿದೆ. ಯಾವುದೋ ಬ್ಯಾಕ್ಟೀರಿಯಾ ಸೋಂಕು ಇದನ್ನು ಕೆರಳಿಸುತ್ತದೆಂಬ ಅನುಮಾನವಿದೆ, ಖಚಿತವಾಗಿ ಗೊತ್ತಿಲ್ಲ ಎಂದರು. ಸಪ್ಪೆರೋಗಕ್ಕೂ ಬ್ಯಾಕ್ಟೀರಿಯಾ ಕಾರಣವೆಂದು ಓದಿದ್ದೆ. ತಟ್ಟೆಯ ಸಂಗತಿ ಹೇಳಿದೆ. "ಹುಳದ್ದು ಮಗುವಿಗೆ ಬರಲ್ಲಮ್ಮ" ಎಂದು ಡಾಕ್ಟರು ನಕ್ಕರು.

ಮಗಳು ಉಳಿದಳು. ಎರಡನೆಯ ವಾರ ಅವಳ ಬೆರಳ ತುದಿಯ ಚರ್ಮ ಸುಲಿಯಿತು, ಹುಳು ಪೊರೆ ಬಿಟ್ಟ ಹಾಗೆ. ಊರಿಗೆ ಬಂದ ಮೇಲೆ ಅತ್ತೆ ಆ ತಟ್ಟೆಯನ್ನು ಒಲೆಗೆ ಹಾಕಿದರು. ಅದರ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಆ ಒಂದೇ ತಟ್ಟೆ ಯಾಕೆ? ಇವತ್ತಿಗೂ ನನಗೆ ತಿಳಿದಿಲ್ಲ. ಇನ್ನೊಂದು ಮಾತನ್ನು ಈವರೆಗೆ ಯಾರಿಗೂ ಹೇಳಿಲ್ಲ. ಆ ಬೆಳಗ್ಗೆ ಎದ್ದವಳು ಮಗಳ ಹಣೆ ಮುಟ್ಟಿ ನೋಡಿರಲಿಲ್ಲ. ಮೊದಲು ಹುಳುಗಳನ್ನು ನೋಡಲು ಹೋಗಿದ್ದೆ.